ಇನ್ನೊಂದೀಟ ಏರ್ಸ್ರಿ

ಮೇ ಹನ್ನೊಂದು, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಬರೆಯಲು ಕುಳಿತೆ.

ಸಿಟ್ಟಿನಲ್ಲಿದ್ದಾಗ ಬರೆಯಬಾರದು ಎಂದು ತಿಳಿದವರು ಹೇಳುತ್ತಾರೆ. ಸಿಟ್ಟಿಲ್ಲದ ದಿನ ನನಗೆ ಬರೆಯಲು ಏನೂ ಇರುವುದಿಲ್ಲ. ಅಂಥ ದಿನ ನನ್ನ ಡೈರಿಯಲ್ಲಿ ತಾರೀಖು, ಊರು, ಎಷ್ಟು ತಾಸು ಬಾರಿಸಿದೆವು, ಎಷ್ಟು ಸಲ ಕರೆಂಟು ಹೋಯಿತು ಇಷ್ಟೇ ಇರುತ್ತದೆ. ಯಾರ ಕೈಗಾದರೂ ಸಿಕ್ಕರೆ ಇದು ಡಿಜೆ ಬಾರಿಸುವವನ ಡೈರಿಯೋ ಲೈನ್‌ಮನ್‌ನ ಡೈರಿಯೋ ಎಂದು ಅನುಮಾನ ಬರಬೇಕು. ಆದರೆ ಈ ಮದುವೆಯ ಸೀಜನ್ನಿನಲ್ಲಿ ನನಗೆ ಬಂದಷ್ಟು ಸಿಟ್ಟು ಒಂದು ಕಾಲಮ್ಮಿನಲ್ಲಿ ಹಿಡಿಯುವಂಥದ್ದಲ್ಲ. ಅದಕ್ಕೇ ಪತ್ರಿಕೆಗೆ ಕಳಿಸೋಣವೆಂದು ಬೇರೆ ಹಾಳೆ ತೆಗೆದಿದ್ದೇನೆ.

ನಾನು ಮತ್ತು ಗೆಳೆಯ ಅಜಿತ ಸೇರಿ ಡಿಜೆ ನಡೆಸುತ್ತೇವೆ. ಸಾಮಾನು ಇಡುವ ಕೋಣೆ ಚಿಕ್ಕೋಡಿಯಲ್ಲಿ. ತಿರುಗಾಟ ನಿಪ್ಪಾಣಿಯಿಂದ ಅಥಣಿಯವರೆಗೆ, ನಡುವೆ ಯಾರು ಕರೆದರೆ ಅಲ್ಲಿ. ಒಂದು ಲ್ಯಾಪ್‌ಟಾಪು, ಅದಕ್ಕೆ ಜೋಡಿಸುವ ಎರಡು ತಟ್ಟೆಗಳ ಒಂದು ಕಂಟ್ರೋಲರು, ಒಂದು ಟೆಂಪೋ ತುಂಬ ಸ್ಪೀಕರುಗಳು. ಹಾಡು ಕೂಡಿಸುವುದು ಅಜಿತನ ಕೆಲಸ. ವೈರು, ಆಂಪ್ಲಿಫೈಯರು, ಜನರೇಟರು ಮತ್ತು ಜಗಳ ನನ್ನ ವಿಭಾಗ.

ನನ್ನ ಮೊದಲನೆಯ ಸಿಟ್ಟು ಹಳೆಯದು. ಯಾವ ಮದುವೆಗೆ ಹೋದರೂ ಅರಿವೆ ಇಸ್ತ್ರಿ ಮಾಡಿಕೊಂಡ ಒಬ್ಬರು ಬಂದು ಕೈ ಹಿಂದೆ ಕಟ್ಟಿ ನಿಂತು ನೋಡುತ್ತಾರೆ. ಎರಡು ಹಾಡು ಮುಗಿಯುವವರೆಗೆ ನೋಡಿ, ಪರೀಕ್ಷೆ ಬರೆಸುವ ಮಾಸ್ತರರ ಹಾಗೆ ಕೇಳುತ್ತಾರೆ: "ಅಲ್ರಿ, ಹಾಡು ಹಾಡಾವ ಬ್ಯಾರೆ, ಬಾರ್ಸಾವ ಬ್ಯಾರೆ. ನೀವು ಮಾಡೂದರ ಏನು? ಗುಂಡಿ ಒತ್ತೂದು?"

ಗುಂಡಿ ಒತ್ತುವುದೇ. ಸುಳ್ಳು ಯಾಕೆ ಹೇಳಲಿ? ಆದರೆ ಯಾವ ಗುಂಡಿಯನ್ನು ಒತ್ತಬಾರದು ಎಂದು ಕಲಿಯುವುದಕ್ಕೆ ನಮಗೆ ನಾಲ್ಕು ಸೀಜನ್ನು ಹಿಡಿಯಿತು.

ಕಂಟ್ರೋಲರಿನ ಮೇಲೆ ಸಿಂಕ್ ಎಂಬ ಗುಂಡಿ ಇರುತ್ತದೆ. ಒಂದು ಹಾಡು ಓಡುತ್ತಿರುವಾಗಲೇ ಇನ್ನೊಂದನ್ನು ಅದರ ಹೊಟ್ಟೆಯೊಳಗಿನಿಂದ ಹೊರಗೆ ತೆಗೆಯಬೇಕು, ಕುಣಿಯುವವನ ಕಾಲಿಗೆ ಹಾಡು ಬದಲಾದದ್ದು ಗೊತ್ತಾಗಬಾರದು. ಇದೇ ನಮ್ಮ ಕಸುಬು. ಇದಕ್ಕಾಗಿ ಎರಡೂ ಹಾಡಿನ ಓಟ ಒಂದೇ ಆಗಬೇಕು, ಪೆಟ್ಟಿನ ಮೇಲೆ ಪೆಟ್ಟು ಬೀಳಬೇಕು. ಮೊದಲಿನವರು ಇದನ್ನು ಕಿವಿಯಿಂದ ಮಾಡುತ್ತಿದ್ದರು. ಈಗ ಸಾಫ್ಟ್‌ವೇರು ಹಾಡನ್ನು ಮೊದಲೇ ಅಳೆದು, ಪರದೆಯ ಮೇಲೆ ಅಲೆಯಾಗಿ ಬಿಡಿಸಿ, ಪ್ರತಿ ಪೆಟ್ಟಿಗೂ ಒಂದೊಂದು ಗೆರೆ ಎಳೆದುಕೊಡುತ್ತದೆ. ಸಿಂಕ್ ಒತ್ತಿದರೆ ಕೆಳಗಿನ ಹಾಡಿನ ಗೆರೆಗಳು ಓಡಿಬಂದು ಮೇಲಿನ ಹಾಡಿನ ಗೆರೆಗಳ ಕೆಳಗೆ ಸಾಲಾಗಿ ನಿಲ್ಲುತ್ತವೆ, ಶಾಲೆಯ ಪ್ರಾರ್ಥನೆಗೆ ಹುಡುಗರು ನಿಂತಂತೆ. ನೋಡುವುದಕ್ಕೆ ಬಹಳ ಸಮಾಧಾನ.

ಮೋಸ ಇರುವುದು ಅಲ್ಲಿಯೇ. ಬಾರಿಸುವವನ ಕೈ ಗಡಿಯಾರದ ಮುಳ್ಳು ಎಂದು ಸಾಫ್ಟ್‌ವೇರು ನಂಬಿದೆ. ಯಂತ್ರದಲ್ಲೇ ಹುಟ್ಟಿದ ಹಾಡಿಗೆ ಅದು ಸರಿ. ನಮ್ಮ ಜನರಿಗೆ ಬೇಕಾದ ಹಾಡುಗಳು ಹಾಗಲ್ಲ. ರಾಯಬಾಗದ ಕಡೆ ಯಾರದೋ ಮದುವೆಯಲ್ಲಿ ಬೆಂಜೋ ಪಾರ್ಟಿಯ ವಾದ್ಯದವರು ಬಾರಿಸಿದ್ದನ್ನು ಯಾರೋ ರೆಕಾರ್ಡು ಮಾಡಿ, ಅದು ಫೋನಿನಿಂದ ಫೋನಿಗೆ ಹಾರಿ ನಮ್ಮಲ್ಲಿಗೆ ಬಂದಿರುತ್ತದೆ. ಅದರಲ್ಲಿ ತಾಶೆ ಬಡಿಯುವವನು ಸಾವಕಾಶ ಸುರು ಮಾಡುತ್ತಾನೆ. ಯಾರೋ ಅವನ ಮುಂದೆ ಕುಣಿಯುತ್ತಾರೆ. ಅವನಿಗೆ ಹುರುಪು ಬರುತ್ತದೆ. ಹಾಡು ಮುಗಿಯುವಾಗ ಅವನು ಎಲ್ಲಿರುತ್ತಾನೋ ಅವನಿಗೇ ಗೊತ್ತಿಲ್ಲ. ತಾಶೆಯವನಿಗೆ ಹುರುಪು ಬರುತ್ತದೆ ಎಂಬ ಸಂಗತಿ ಸಾಫ್ಟ್‌ವೇರು ಬರೆದವರ ತಲೆಗೇ ಹೋಗಿಲ್ಲ. ಅವರ ಗೆರೆ ಒಂದು ಕಡೆ, ಇವನ ಪೆಟ್ಟು ಒಂದು ಕಡೆ. ಅಂಥ ಹಾಡಿಗೆ ಸಿಂಕ್ ಒತ್ತಿದರೆ ಎರಡು ಎತ್ತಿನ ಗಾಡಿಗಳು ಒಂದೇ ಓಣಿಯಲ್ಲಿ ಎದುರುಬದುರು ಬಂದಂತೆ ಆಗುತ್ತದೆ. ಪರದೆಯ ಮೇಲೆ ಮಾತ್ರ ಎಲ್ಲವೂ ನೆಟ್ಟಗಿರುತ್ತದೆ.

ನಮ್ಮ ಭಾಷೆಗೂ ಕಣ್ಣಿನ ಮೇಲೆ ಸ್ವಲ್ಪ ಪಕ್ಷಪಾತವಿದೆ ಎಂದು ನನಗೆ ಅನಿಸುತ್ತದೆ. ಪಲ್ಯದ ರುಚಿ ನೋಡುತ್ತೇವೆ, ಅರಿವೆಯನ್ನು ಮುಟ್ಟಿ ನೋಡುತ್ತೇವೆ, ಹಾಡನ್ನು ಕೂಡ ಕೇಳಿ ನೋಡುತ್ತೇವೆ. ಉಳಿದ ಇಂದ್ರಿಯಗಳೆಲ್ಲ ಕಡೆಗೆ ಕಣ್ಣಿನ ಹತ್ತಿರ ಹೋಗಿ ಸಹಿ ಹಾಕಿಸಿಕೊಂಡು ಬರಬೇಕು. ಆದರೆ ಹಾಡಿನ ವಿಷಯದಲ್ಲಿ ನಮ್ಮ ಹಿರಿಯರು ಕಣ್ಣನ್ನು ಹತ್ತಿರ ಸೇರಿಸಿಕೊಂಡಂತೆ ಕಾಣುವುದಿಲ್ಲ. ತಾಳವನ್ನು ಬೆರಳಲ್ಲಿ ಎಣಿಸಿದರು, ತೊಡೆಯ ಮೇಲೆ ತಟ್ಟಿದರು. ಕಣ್ಣು ಮುಚ್ಚಿ ಹಾಡುವ ಎಷ್ಟೋ ಜನರನ್ನು ಕಂಡಿದ್ದೇವೆ. ಕಿವಿಗೆ ಕೈ ಕೊಟ್ಟು ಹಾಡುವವರೂ ಉಂಟು, ಆದರೆ ಅದು ಕೇಳಬಾರದೆಂದು ಅಲ್ಲ, ತಮ್ಮ ದನಿ ತಮಗೆ ಚೆನ್ನಾಗಿ ಕೇಳಲೆಂದು. ಪರದೆ ನೋಡುತ್ತ ಹಾಡು ಕೂಡಿಸುವ ಜಾತಿ ಹುಟ್ಟಿದ್ದು ನಮ್ಮ ಕಾಲದಲ್ಲೇ.

ಎರಡನೆಯ ಸಿಟ್ಟು ಕೆಂಪು ದೀಪದ್ದು. ಕಂಟ್ರೋಲರಿನ ಮೇಲೆ ಸದ್ದು ಎಷ್ಟಿದೆ ಎಂದು ತೋರಿಸುವ ದೀಪಗಳ ಸಾಲಿದೆ: ಹಸಿರು, ಹಳದಿ, ತುದಿಗೆ ಕೆಂಪು. ಕೆಂಪು ಬಂತೆಂದರೆ ಸದ್ದು ಹೆಚ್ಚಾಯಿತು ಎಂದಲ್ಲ, ಅರಿವೆಯಂತೆ ಹರಿಯಿತು ಎಂದರ್ಥ. ಕಬ್ಬಿನ ಪಡದಲ್ಲಿ ಸುಳಿಯನ್ನೆಲ್ಲ ಒಂದೇ ಎತ್ತರಕ್ಕೆ ಕೊಯ್ದಂತೆ ಅಲೆಗಳ ತಲೆ ಸಪಾಟಾಗಿ ಹೋಗಿಬಿಡುತ್ತದೆ. ಉಳಿಯುವುದು ಬರೀ ಕರಕರ. ನಮ್ಮ ಜನ ಆ ಕರಕರವನ್ನೇ ದಮ್ಮು ಎನ್ನುತ್ತಾರೆ.

ಸದ್ದು ಏರಿಸಿ ಎಂದು ಕೇಳಿಕೊಂಡು ಬರುವವರಿಗಾಗಿ ನನ್ನ ಡೈರಿಯಲ್ಲಿ ಪ್ರತ್ಯೇಕ ಕಾಲಮ್ಮಿದೆ. ಗಾಗಲ್ ಹಾಕಿದ ಗೆಳೆಯರ ಗುಂಪು ಬಂದರೆ ಒಂದು ಗುರುತು, ಮದುಮಗನ ಕಾಕಾ ಬಂದರೆ ಒಂದು ಗುರುತು. ನಿಪ್ಪಾಣಿ ಕಡೆಯಾದರೆ "ಆವಾಜ ವಾಢವಾ ರೇ" ಎನ್ನುತ್ತಾರೆ, ಅಥಣಿ ಕಡೆಯಾದರೆ "ಇನ್ನೊಂದೀಟ ಏರ್ಸ್ರಿ" ಎನ್ನುತ್ತಾರೆ. ಭಾಷೆ ಎರಡಾದರೂ ಬೆರಳು ಒಂದೇ: ಮೇಲಕ್ಕೆ. ಕೆಳಕ್ಕೆ ಬೆರಳು ತೋರಿಸಿದವರು ಇವತ್ತಿನವರೆಗೆ ಒಬ್ಬರೇ. ಆಕೆ ಬಾಣಂತಿ. ಅವಳಿಗೂ ಅತ್ತೆ ಬೈದು ಒಳಗೆ ಕಳಿಸಿದಳು.

ಈ ಎರಡೂ ಸಿಟ್ಟು ಬೇರೆ ಬೇರೆ ಎಂದು ನಾನು ತಿಳಿದಿದ್ದೆ. ಅವೆರಡೂ ಒಂದೇ ಮನೆಯವು ಎಂದು ಗೊತ್ತಾದದ್ದು ಏಕಸಂಬಿಯಲ್ಲಿ, ಈ ಏಪ್ರಿಲ್ಲಿನ ಒಂದು ಮದುವೆಯ ಬೆಳಿಗ್ಗೆ.

ಅದಕ್ಕೆ ಮೊದಲು ಅಜಿತನ ಸಂಗತಿ ಹೇಳಬೇಕು. ಅವನದು ಬೇಡಕಿಹಾಳದ ಜೈನರ ಮನೆ, ಅಪ್ಪನದು ಬೀಜ ಗೊಬ್ಬರದ ಅಂಗಡಿ. ಅವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಮುಳುಗಿದ ಮೇಲೆ ನೀರು ಕೂಡ ಇಲ್ಲ. ಕೆಲಸವಿಲ್ಲದ ದಿನ ಅಜಿತ ಅಟ್ಟದ ಮೇಲೆ ಲ್ಯಾಪ್‌ಟಾಪು ಹಚ್ಚಿಕೊಂಡು ಕುಳಿತಿರುತ್ತಾನೆ. ಅವರ ಅವ್ವ ಕೆಳಗಿನಿಂದ ಊಟಕ್ಕೆ ಕರೆಯುತ್ತಾರೆ. ಕಳೆದ ಒಂದು ವರ್ಷದಿಂದ ಅವನು ಓ ಎನ್ನುವುದನ್ನೇ ಬಿಟ್ಟಿದ್ದ. ಎಷ್ಟೋ ಸಂಜೆ ಉಪವಾಸ ಮಲಗಿದ್ದ. ಒಮ್ಮೆ ನಾನು ಹೋದಾಗ ಅವ್ವ ನನ್ನ ಮುಂದೆಯೇ ಅವನ ಮೇಲೆ ಹಾಯ್ದು ಬಿದ್ದರು.

"ನೋಡೋ ಸುನೀಲಾ, ನಿನ್ನ ಗೆಣ್ಯಾ ಬಾಳ ದೊಡ್ಡ ಮನಶ್ಯಾ ಆಗ್ಯಾನ. ಮೂರ ಸಲ ಕರದ್ರ ತಿರುಗಿ ನೋಡಂಗಿಲ್ಲ. ಅವ್ವ ಅಂದ್ರ ಯಾರು ಅನ್ನೂಹಂಗ ಆಗೇತಿ ಇವಗ."

ನಾನೂ ಅದನ್ನೇ ನಂಬಿದೆ. ಹೆಸರು ಬಂತು, ಸೊಕ್ಕು ಬಂತು ಎಂದುಕೊಂಡೆ. ಅವನ ಮಿಕ್ಸಿಂಗು ಆ ವರ್ಷ ಬಹಳ ಶುದ್ಧವಾಗಿತ್ತು. ಬೆಂಜೋ ಪಾರ್ಟಿಯ ಹಾಡುಗಳನ್ನು ಹಾಕುವುದನ್ನು ಅವನು ಬಿಟ್ಟಿದ್ದ, ಯಂತ್ರದ ಹಾಡುಗಳನ್ನಷ್ಟೇ ಹಾಕುತ್ತಿದ್ದ. ಹೆಡ್‌ಫೋನನ್ನು ಮೊದಲು ಎಡಗಿವಿಗೆ ಹಿಡಿಯುತ್ತಿದ್ದವನು ಬಲಕ್ಕೆ ಹಿಡಿಯತೊಡಗಿದ್ದ, ಕಡೆಕಡೆಗೆ ಕೊರಳಲ್ಲಿ ಹಾಕಿಕೊಂಡೇ ಇರುತ್ತಿದ್ದ. ಅದೊಂದು ಸ್ಟೈಲು ಎಂದುಕೊಂಡೆ. ಕರೆಂಟು ಎಷ್ಟು ಸಲ ಹೋಯಿತೆಂದು ಬರೆದಿಟ್ಟ ಮನುಷ್ಯ ನಾನು; ಇದು ಯಾವ ಕಾಲಮ್ಮಿನಲ್ಲಿಯೂ ಬರಲಿಲ್ಲ.

ಏಕಸಂಬಿಯ ಮದುವೆಯಲ್ಲಿ ಬೆಳಿಗ್ಗೆ ಮದುಮಗ ಮಾರುತಿ ಗುಡಿಗೆ ಹೋಗಿ ಬರುವ ಮೆರವಣಿಗೆ. ನಮ್ಮ ಕಡೆ ಇದಕ್ಕೊಂದು ರೂಢಿಯಿದೆ. ಮನೆಯಿಂದ ಡಿಜೆ ಬಾರಿಸುತ್ತ ಹೋಗುತ್ತದೆ, ಗುಡಿಯ ಮುಂದೆ ಬಂದ ಕೂಡಲೇ ಡಿಜೆ ಬಾಯಿ ಮುಚ್ಚಬೇಕು. ದೇವರಿಗೆ ಕೋಲಿನಿಂದ ಬಡಿಯುವ ಚರ್ಮದ ಹಲಗಿಯೇ ಆಗಬೇಕು. ಹಲಗಿಯವರು ಬಾರಿಸುತ್ತಾರೆ, ಕಾಯಿ ಒಡೆಯುತ್ತಾರೆ, ಮದುಮಗ ಹೊರಗೆ ಬರುತ್ತಾನೆ. ಹಲಗಿ ನಿಲ್ಲುವುದಿಲ್ಲ. ಹಲಗಿಯ ಮುಂದಾಳು ಕೋಲನ್ನು ಮೇಲೆತ್ತಿದಾಗ, ಅದೇ ಓಟದ ಮೇಲೆ ಡಿಜೆ ಒಳಗೆ ಬರಬೇಕು. ಕುಣಿಯುವವರ ಕಾಲು ನಿಲ್ಲದ ಹಾಗೆ ಆಟ ಹಲಗಿಯವರ ಕೈಯಿಂದ ನಮ್ಮ ಕೈಗೆ ಬರಬೇಕು. ಕಾಲು ನಿಂತರೆ ಅಪಶಕುನ ಎಂದೇನೂ ಇಲ್ಲ, ಆದರೆ ಆ ವರ್ಷವೆಲ್ಲ ಊರಿನವರು ಅದನ್ನೇ ಹೇಳಿಕೊಂಡು ನಗುತ್ತಾರೆ. ಅದು ಅಪಶಕುನಕ್ಕಿಂತ ಕೆಟ್ಟದ್ದು.

ಇದನ್ನು ಅಜಿತ ಹಿಂದೆ ಕಣ್ಣು ಮುಚ್ಚಿ ಮಾಡುತ್ತಿದ್ದ. ತಟ್ಟೆಯ ಮೇಲೆ ಒಂದು ಬೆರಳು, ಕಿವಿ ಹಲಗಿಯ ಕಡೆ. ಅವತ್ತು ಹಲಗಿಯ ಮುಂದಾಳು ಶಿವಪ್ಪ ಕೋಲು ಎತ್ತಿದ. ಅಜಿತ ಹಾಡು ಬಿಟ್ಟ.

ಹಾಡಿನ ಪೆಟ್ಟು ಹಲಗಿಯ ಎರಡು ಪೆಟ್ಟುಗಳ ನಡುವೆ ಬಿತ್ತು. ಮುಂದಿನದೂ ಅಲ್ಲೇ ಬಿತ್ತು. ಒಂದೆರಡು ಕ್ಷಣ ಕುಣಿಯುವವರು ಯಾವ ಕಾಲು ಎತ್ತಬೇಕೆಂದು ತಿಳಿಯದೆ, ಬಿಸಿ ಮರಳಿನ ಮೇಲೆ ನಿಂತವರಂತೆ ಹಾರಾಡಿದರು. ಆಮೇಲೆ ನಿಂತರು. ಶಿವಪ್ಪ ಹಲಗಿ ಬಾರಿಸುತ್ತಲೇ ಒದರಿದ: "ಏ ಡಿಜೆ! ಎಲ್ಲಿಗೆ ಹೊಂಟ್ಯೋ? ನಾವ ಇಲ್ಲೇ ಅದೇವಿ!"

ಜನ ಹೋ ಎಂದಿತು. ಯಾರೋ ನನ್ನ ಹೆಗಲು ತಟ್ಟಿ, "ಏನ್ರಿ, ಲ್ಯಾಪ್‌ಟಾಪಿಗೂ ಮುಂಜಾನೇನ ಕುಡಸೀರೇನ್ರಿ?" ಎಂದರು.

ನಾನು ಟೆಂಪೋದ ಎಡಗಡೆಯಿಂದ ಕೂಗಿದೆ. "ಅಜ್ಯಾ! ನಿಲ್ಲಸ್ಲೇ! ಹಲಗಿ ಕೇಳ್ಲೇ!"

ಅಜಿತ ಪರದೆ ನೋಡುತ್ತಿದ್ದ. ಮುಖದಲ್ಲಿ ಪೂರ್ತಿ ಸಮಾಧಾನ. ನಾನು ಕೈ ಬೀಸಿದ್ದು ಕಣ್ಣಂಚಿಗೆ ಕಂಡಿರಬೇಕು, ಚಲೋ ಆಯಿತೆಂದು ನಾನು ಹೇಳುತ್ತಿದ್ದೇನೆ ಎಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿದ.

ಆ ಹೆಬ್ಬೆರಳು ನೋಡಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹತ್ತಿ ಹೋಗಿ ನಾನೇ ಹಾಡು ಇಳಿಸಿದೆ. ಹಲಗಿಯವರೇ ಮೆರವಣಿಗೆಯನ್ನು ಮದುವೆ ನಡೆಯುವ ಕಾರ್ಯಾಲಯದ ಬಾಗಿಲಿಗೆ ಮುಟ್ಟಿಸಿದರು. ನಾವು ಹಿಂದೆ ಹಿಂದೆ, ಸಾಮಾನು ಸಾಗಿಸುವ ಟೆಂಪೋದ ಹಾಗೆ, ಮೌನವಾಗಿ ಹೋದೆವು.

ಕಾರ್ಯಾಲಯದ ಹಿಂದೆ ಬೇವಿನ ಗಿಡದ ಕೆಳಗೆ ಟೆಂಪೋ ನಿಲ್ಲಿಸಿ ಜಗಳ ತೆಗೆದೆ. ಮದುವೆಯ ಸಾರಿನ ವಾಸನೆ ಬರುತ್ತಿತ್ತು, ಅದೂ ನನ್ನ ಸಿಟ್ಟು ಹೆಚ್ಚಿಸಿತು.

"ಏನ್ ಮಾಡಿದ್ಲೇ ಅದು?"

"ಏನಾತು? ಬರೋಬ್ಬರಿ ಕುಂತಿತ್ತಲ್ಲ. ಸ್ಕ್ರೀನ್ ನೋಡ ಬೇಕಾದ್ರ, ಹಿಂದಿನ ಹಾಡಿನ ಗೆರಿಗೆ ಇದರ ಗೆರಿ ಕೂಡೇತಿ."

"ಹಲಗಿ ಎಲ್ಲೈತ್ಲೇ ಸ್ಕ್ರೀನ್ ಮ್ಯಾಲ? ಹಲಗಿ ತೋರ್ಸ ನನಗ!"

ಅವನು ಪರದೆಯನ್ನು ನೋಡಿದ, ಹಲಗಿಯನ್ನು ಹುಡುಕುವವನ ಹಾಗೆ. ಆಮೇಲೆ ಕೆಳಗೆ ನೋಡಿದ.

"ನನಗ ಕೇಳ್ಸಲಿಲ್ಲಲೇ."

"ಹತ್ತ ಹೆಜ್ಜಿ ದೂರ ಇದ್ರು!"

"ಗೊತ್ತೈತಿ. ಕೈ ಕಂಡ್ವು. ಕೇಳ್ಸಲಿಲ್ಲ. ಎಡಕಿಂದು ಹೋದ ವರ್ಷನ ಹೋಗೇತಿ. ಒಂದ ಸಮ ಕುಂಯ್ ಅಂತೇತಿ, ಕುಕ್ಕರ್ ಇಟ್ಟಂಗ. ಬಲಕಿಂದು ಮುಂಜಾನೆ ಚಲೋ ಇರ್ತೇತಿ, ಸ್ಪೀಕರ್ ಸುರು ಆತಂದ್ರ ಅದೂ ಮಬ್ಬ ಆಗ್ತೇತಿ."

"ಮತ್ತ ಇಡೀ ವರ್ಷ ಹೆಂಗ್ ಬಾರ್ಸಿದಿ?"

ಅವನು ಪರದೆಯ ಕಡೆ ಬೆರಳು ಮಾಡಿದ. "ಇದು ಐತೆಲ್ಲ."

ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದ: "ಯಾರ್ ಮುಂದೂ ಹೇಳಬ್ಯಾಡ ಸುನ್ಯಾ. ಕಿವುಡ ಡಿಜೆನ್ನ ಯಾರ್ ಕರೀತಾರಲೇ? ನನಗ ಇದೊಂದ ಬರ್ತೇತಿ."

ಸಿಟ್ಟಿನ ಬಗ್ಗೆ ನಾನು ಒಂದು ಸಂಗತಿ ಕಂಡುಕೊಂಡಿದ್ದೇನೆ. ಅದಕ್ಕೆ ಕಾಲೂರಿ ನಿಲ್ಲಲು ಒಬ್ಬ ಮನುಷ್ಯ ಬೇಕು. ಅವತ್ತು ಅದು ಅಜಿತನ ಮೇಲೆ ನಿಂತಿತ್ತು, ಅವನು ಕೆಳಗೆ ಕುಸಿದ. ಬೇರೆ ಯಾರನ್ನು ಹುಡುಕುವುದು? ನನಗೆ ಸಿಕ್ಕಿದ್ದು ಲ್ಯಾಪ್‌ಟಾಪು. ಇಷ್ಟು ದಿನ ನಾನು ಬೈದದ್ದು ಸಾಫ್ಟ್‌ವೇರು ಕಿವಿಗೆ ಮೋಸ ಮಾಡುತ್ತದೆ ಎಂದು. ಈಗ ನೋಡಿದರೆ, ಅದು ಒಬ್ಬ ಮನುಷ್ಯನ ಕಿವಿ ಹೋಗುವುದನ್ನು ಒಂದು ವರ್ಷ ಊರಿಗೇ ಕಾಣದಂತೆ, ಅವನ ಹೆತ್ತ ತಾಯಿಗೂ ಕಾಣದಂತೆ ಮುಚ್ಚಿ ಹಿಡಿದಿತ್ತು. ಮಾನ ಮುಚ್ಚಿದ್ದಕ್ಕೆ ಉಪಕಾರ ಎನ್ನಬೇಕೋ, ಕಿವಿ ಹೋಗುವವರೆಗೆ ಸುಮ್ಮನಿದ್ದುದಕ್ಕೆ ಒಡೆದು ಹಾಕಬೇಕೋ ಗೊತ್ತಾಗಲಿಲ್ಲ. ಒಡೆಯಲಿಲ್ಲ, ಅದರ ಸಾಲದ ಕಂತುಗಳು ಇನ್ನೂ ಇವೆ.

ಮರುದಿನ ಚಿಕ್ಕೋಡಿಯ ಕೋಣೆಯಲ್ಲಿ ಪರದೆಯ ಮೇಲೆ ಟವೆಲ್ಲು ಹಾಕಿದೆ. "ಈಗ ಕೂಡಸು" ಎಂದೆ. ಅವನು ನನ್ನನ್ನು ಕೊಲ್ಲುವ ಹಾಗೆ ನೋಡಿದ. ಎಡಗಿವಿಗೆ ಹೆಡ್‌ಫೋನು ಹಿಡಿದು ಮಾಡಿದ, ಆಗಲಿಲ್ಲ. ಬಲಗಿವಿಗೆ ಹಿಡಿದ. ಅದು ಮುಂಜಾನೆಯಾದ್ದರಿಂದ ಕೇಳಿಸಿತು, ಆದರೆ ಒಂದು ಕಿವಿ ಹೊಸ ಹಾಡಿಗೆ, ಒಂದು ಕಿವಿ ಓಡುತ್ತಿರುವ ಹಾಡಿಗೆ ಬೇಕು. ಇರುವುದೇ ಒಂದು. ಸ್ವಲ್ಪ ಹೊತ್ತು ತಟ್ಟೆ ತಿರುಗಿಸಿ ತಿರುಗಿಸಿ, ಹೆಡ್‌ಫೋನು ಎಸೆದು, ಟವೆಲ್ಲನ್ನು ನನ್ನ ಮುಖಕ್ಕೆ ಒಗೆದು ಹೋದ. ಎರಡು ದಿನ ನಾವು ಮಾತಾಡಲಿಲ್ಲ. ಮೂರನೆಯ ದಿನ ಅವನೇ ಫೋನು ಮಾಡಿ, "ಮೀರಜಿಗೆ ಯಾವ ಬಸ್ಸಿಗೆ ಹೋಗೂಣು?" ಎಂದ. ನಮ್ಮ ಕಡೆ ಯಾವ ಜಡ್ಡು ಕೈಮೀರಿದರೂ ಮೀರಜಿಗೇ ಹೋಗುವುದು.

ಅಲ್ಲಿಯ ಕಿವಿ ಡಾಕ್ಟರು ಅವನನ್ನು ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನು ಹಾಕಿ, ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದರು. ಅಜಿತ ಒಂದೇ ಕಡೆ ನೋಡುತ್ತ ಕುಳಿತಿದ್ದ. ಆ ಕೋಣೆಯಲ್ಲಿ ನೋಡುವುದಕ್ಕೆ ಗೆರೆಗಳಿರಲಿಲ್ಲ. ಅವನ ಬೆರಳು ಗುಂಡಿಯ ಮೇಲೆ ಎಷ್ಟು ಹೊತ್ತು ಸುಮ್ಮನಿತ್ತೆಂದರೆ ನಾನು ಹೊರಗಿನಿಂದಲೇ ಒತ್ತಿಬಿಡೋಣ ಎನ್ನುವ ಹಾಗಾಯಿತು.

ಡಾಕ್ಟರು ಮರಾಠಿ ಕಲೆಸಿದ ಕನ್ನಡದಲ್ಲಿ ಹೇಳಿದರು: "ಎಡಕ್ಕಿಂದು ಹೋಗಿದ್ದು ಪರತ ಬರಂಗಿಲ್ಲ. ಔಷಧ ಕೊಟ್ಟು ಸುಳ್ಳ ಹೇಳಂಗಿಲ್ಲ ನಾನು. ಬಲಕ್ಕಿಂದು ಇನ್ನೂ ಚಲೋ ಐತಿ. ಅದನ್ನ ಸಾಂಭಾಳಸ್ರಿ. ಹಿಂಗ ನಡೀತಂದ್ರ ಅದೂ ಹೋಗ್ತದ."

"ಧಂದೆ ಬಿಡಬೇಕೇನ್ರಿ ಮ್ಯಾಡಮ್?" ಎಂದ ಅಜಿತ.

"ಧಂದೆ ಬಿಡೂದು ನಿಮ್ಮ ಮರ್ಜಿ. ಆವಾಜ ಬಿಡ್ರಿ."

ಬಸ್ಸಿನಲ್ಲಿ ಬರುವಾಗ ಅಜಿತ ಒಂದು ಮಾತಾಡಿದ: ಆವಾಜ ಇಲ್ಲದ ಡಿಜೆ ಎಂದರೆ ಏನು, ಉಪ್ಪಿಲ್ಲದ ಸಾರೇ? ನನಗೆ ಸಿಟ್ಟು ಬಂದಾಗ ಕೈಗೆ ಕೆಲಸ ಬೇಕಾಗುತ್ತದೆ. ಆ ವಾರ ಕಂಟ್ರೋಲರಿನ ಒಂದೊಂದೇ ಗುಂಡಿ ಹಿಡಿದು ಕುಳಿತೆ. ಇಷ್ಟು ವರ್ಷ ಯಾರೂ ಮುಟ್ಟದೆ ಧೂಳು ಹಿಡಿದ ಒಂದು ತಿರುಪು ಹೆಡ್‌ಫೋನು ಸಿಗಿಸುವ ತೂತಿನ ಪಕ್ಕದಲ್ಲೇ ಇತ್ತು. ಅದನ್ನು ಒಂದು ಕಡೆ ತಿರುಗಿಸಿದರೆ ಹೆಡ್‌ಫೋನಿನಲ್ಲಿ ಹೊಸ ಹಾಡು, ಇನ್ನೊಂದು ಕಡೆ ತಿರುಗಿಸಿದರೆ ಓಡುತ್ತಿರುವ ಹಾಡು, ನಡುವೆ ಇಟ್ಟರೆ ಎರಡೂ ಕೂಡಿ ಬರುತ್ತವೆ. ಒಂದೇ ಕಿವಿಗೆ! ಎರಡು ಕಿವಿಯಿದ್ದಾಗ ಇದು ಯಾಕಿದೆ ಎಂದು ನಾವು ಕೇಳಿಯೇ ಇರಲಿಲ್ಲ. ಆಮೇಲೆ ಹಲಗಿಯ ಚಿಂತೆ. ಹಲಗಿ ಹೆಡ್‌ಫೋನಿನೊಳಗೆ ಬರಬೇಕಾದರೆ ಮೈಕು ಬೇಕು. ಮದುವೆಯಲ್ಲಿ ಹೆಸರು ಕೂಗಲು ಇಟ್ಟ ಮೈಕೊಂದನ್ನು ಉದ್ದ ವೈರಿಗೆ ಕಟ್ಟಿ ಹಲಗಿಯವನ ಸೊಂಟಕ್ಕೆ ಸಿಗಿಸಿದರೆ ಆಯಿತು. ಇಷ್ಟೇ. ಇದನ್ನು ಡಿಜೆ ಕಲಿಸುವ ಯಾವ ವಿಡಿಯೋದಲ್ಲಿಯೂ ಯಾರೂ ಹೇಳಿರಲಿಲ್ಲ. ಅವುಗಳಲ್ಲಿ ಬರೀ ಬಣ್ಣದ ದೀಪ ಮತ್ತು ಟೋಪಿ ತಿರುಗಿಸಿ ಹಾಕಿಕೊಂಡ ಹುಡುಗರು.

ಕಡೆಗೆ ಆಂಪ್ಲಿಫೈಯರಿನಲ್ಲಿ ಸದ್ದಿಗೆ ಒಂದು ಮಿತಿ ಹಾಕಿ, ಅದರ ಮೇಲೆ ಟೇಪು ಸುತ್ತಿದೆ. ಎಡಗಿವಿಯಲ್ಲಿ ಅಳಿದುಳಿದದ್ದಾದರೂ ಇರಲಿ ಎಂದು ಅಜಿತ ಅದರೊಳಗೆ ಸ್ಪಂಜಿನ ಬಿರಡೆ ತುಂಬಿಕೊಂಡ. ಇಷ್ಟೆಲ್ಲ ಆದ ಮೇಲೂ ಅವನದೊಂದೇ ಮಾತು: "ಯಾರ್ ಮುಂದೂ ಹೇಳೂದಿಲ್ಲ." ಯಾಕೆ ಸದ್ದು ಕಡಿಮೆ ಎಂದು ಯಾರಾದರೂ ಕೇಳಿದರೆ ಆಂಪ್ಲಿಫೈಯರು ಕೆಟ್ಟಿದೆ ಎನ್ನಬೇಕು. ಒಳ್ಳೆಯ ಆಂಪ್ಲಿಫೈಯರಿನ ಮೇಲೆ ಇಂಥ ಆರೋಪ ಹೊರಿಸುವುದು ನನಗೆ ಸರಿಬರಲಿಲ್ಲ. ಆದರೂ ಒಪ್ಪಿದೆ.

ಹೋದ ಶುಕ್ರವಾರ ಕಾಗವಾಡದಲ್ಲಿ ಮದುವೆ. ಬೆಳಿಗ್ಗೆ ಗುಡಿಯ ಮುಂದೆ ಹಲಗಿಯವನ ಸೊಂಟಕ್ಕೆ ಮೈಕು ಸಿಗಿಸಲು ಹೋದಾಗ ಅವನು, "ಏನ್ರಿ ಇದು, ಬಿಪಿ ನೋಡ್ತೀರೇನ್ರಿ?" ಎಂದ. ಕಾಯಿ ಒಡೆದರು, ಮದುಮಗ ಹೊರಬಂದ, ಕೋಲು ಮೇಲೆದ್ದಿತು. ಅಜಿತ ಲ್ಯಾಪ್‌ಟಾಪಿಗೆ ಅರ್ಧ ಬೆನ್ನು ತಿರುಗಿಸಿ ನಿಂತಿದ್ದ. ಹಾಡು ಒಳಗೆ ಬಂತು. ಮೊದಲ ಒಂದೆರಡು ಪೆಟ್ಟು ಎಳೆದವು, ಅವನ ಬೆರಳು ತಟ್ಟೆಯನ್ನು ಒಂದಿಷ್ಟು ಮುಂದೆ ದೂಡಿತು, ಕೂತಿತು. ಕುಣಿಯುವವರ ಕಾಲು ನಿಲ್ಲಲಿಲ್ಲ. ಹೆಬ್ಬೆರಳು ತೋರಿಸುತ್ತಾನೇನೋ ಎಂದು ನಾನು ನೋಡಿದೆ. ಅವನಿಗೆ ಅದಕ್ಕೆಲ್ಲ ಪುರಸೊತ್ತಿರಲಿಲ್ಲ.

ಕಾರ್ಯಾಲಯದ ಅಂಗಳಕ್ಕೆ ಬಂದ ಮೇಲೆ ಮದುಮಗಳ ಸೋದರಮಾವ ಬಂದರು. ಹೊಸ ಧೋತರ, ಗುಲಾಬಿ ರುಮಾಲು. ಹೆಸರು ಅಣ್ಣಾಸಾಹೇಬ. ಬಂದವರೇ ಬೆರಳು ಮೇಲೆ ಮಾಡಿದರು.

"ಏ ತಮ್ಮಾ, ಇನ್ನೊಂದೀಟ ಏರ್ಸೋ! ಏನ್ ಮಯ್ಯಾಗ ದಮ್ಮ ಇಲ್ಲೇನ ನಿಮಗ?"

ಆಂಪ್ಲಿಫೈಯರು ಕೆಟ್ಟಿದೆ ಎಂದೆ. ಅವರು ಬೆರಳನ್ನು ಇನ್ನೂ ಮೇಲೆ ಒಯ್ದರು. ನಾಲ್ಕು ಸಲ ಹೇಳಿದೆ. ನಾಲ್ಕು ಸಲವೂ "ಏರ್ಸೋ!" ಸುತ್ತಲಿದ್ದ ಹುಡುಗರೂ "ಏರ್ಸ್ರಿ, ಏರ್ಸ್ರಿ" ಎಂದು ಕೂಗತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಈ ಜನವೇ, ಇಂಥ ಬೆರಳುಗಳೇ ನನ್ನ ಗೆಳೆಯನ ಕಿವಿ ತಿಂದದ್ದು ಎಂದುಕೊಂಡು ತೋಳು ಏರಿಸಿ ಮುಂದೆ ಹೋದೆ. ಅಜಿತ ನನ್ನ ಎದೆಗೆ ಕೈ ಅಡ್ಡ ಇಟ್ಟ. ಹೆಡ್‌ಫೋನು ಕೊರಳಿಗೆ ಇಳಿಸಿದ, ಹಾಡನ್ನು ತಗ್ಗಿಸಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಮಾಮಾ, ನನ್ನ ಎಡಗಿವಿ ಹೋಗೇತ್ರಿ. ಎಲ್ಲಾರೂ ಏರ್ಸ ಏರ್ಸ ಅಂದ್ರು, ನಾನೂ ಏರಿಸ್ಕೋತ ಹೋದ್ನಿ. ಈಗ ಒಂದ ಉಳದೇತಿ. ಅದೂ ಬೇಕೇನ್ರಿ ನಿಮಗ?"

ಕೂಗುತ್ತಿದ್ದ ಹುಡುಗರು ಕೈ ಇಳಿಸಿದರು. ಕಿವುಡ ಡಿಜೆ ಎಂದು ಯಾರು ಮೊದಲು ನಗುತ್ತಾರೋ ಅವರನ್ನು ಹೊಡೆಯಲು ನಾನು ತಯಾರಾಗಿ ನಿಂತಿದ್ದೆ.

ಅಣ್ಣಾಸಾಹೇಬರು ಕಿವಿಗೆ ಕೈ ಹಚ್ಚಿದರು. "ಆಂ?"

ಅಜಿತ ಇನ್ನೊಮ್ಮೆ ಹೇಳಿದ, ಇನ್ನೂ ಗಟ್ಟಿಯಾಗಿ. "ಎಡಗಿವಿ ಹೋಗೇತ್ರಿ!"

"ಆಂ? ಏನಂದಿ?"

ಹಿಂದಿನಿಂದ ಅವರ ಹೆಂಡತಿ ಬಂದರು, ಕೈಯಲ್ಲಿ ಅಕ್ಷತೆಯ ತಾಟು. "ಅವ್ರಿಗೆ ಎಲ್ಲಿ ಕೇಳ್ತೇತೋ ಯಪ್ಪಾ. ಸಕ್ರಿ ಕಾರ್ಖಾನ್ಯಾಗ ಕಬ್ಬ ಅರಿಯೂ ಮಿಲ್ಲಿನ ಮುಂದ ಇಡೀ ಆಯುಷ್ಯ ನಿಂತಾರ. ಮನ್ಯಾಗ ಟಿವಿ ಹಚ್ಚಿದ್ರ ಓಣಿಗೆಲ್ಲಾ ಸುದ್ದಿ ಕೇಳ್ತೇತಿ. ಮದವಿ ಐತಿ, ಹಾಡ ಕೇಳ್ವಲ್ದು ಅಂತ ಮುಂಜಾನಿಂದ ಒಂದ ಸಮ ಸಿಟ್ಟಿಗೆದ್ದಾರ."

ಮೀರಜಿನಿಂದ ಬಂದ ಮೇಲೆ ಮೊದಲ ಸಲ ಅಜಿತ ಬಾಯಿ ತುಂಬ ನಕ್ಕ. ಕುರ್ಚಿ ಎಳೆದು, ಅವರನ್ನು ಕಂಟ್ರೋಲರಿನ ಪಕ್ಕ ಕೂರಿಸಿ, ಗುಲಾಬಿ ರುಮಾಲನ್ನು ಮೆಲ್ಲಗೆ ಮೇಲೆ ಸರಿಸಿ, ತನ್ನ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿದ. ಹಲಗಿಯವನು ಇನ್ನೂ ಮೈಕು ಬಿಚ್ಚಿರಲಿಲ್ಲ. ನಾಲ್ಕು ಪೆಟ್ಟು ಬಾರಿಸು ಎಂದು ಅಜಿತ ಅವನಿಗೆ ಸನ್ನೆ ಮಾಡಿದ.

ಅಣ್ಣಾಸಾಹೇಬರ ಮುಖದ ಸುಕ್ಕುಗಳು ಒಂದೊಂದಾಗಿ ಬಿಚ್ಚಿದವು. "ಹಲಗಿ!" ಎಂದು ಒದರಿದರು, ಕಾರ್ಯಾಲಯದ ಇನ್ನೊಂದು ತುದಿಗೂ ಕೇಳುವ ಹಾಗೆ. "ಏ ಇವಳ, ಹಲಗಿ ಬಡ್ಯಾಕತ್ತಾರ ನೋಡ!" ಅವರ ಕಾಲು ಕುರ್ಚಿಯ ಕೆಳಗೆ ಕುಣಿಯುತ್ತಿತ್ತು, ಪೆಟ್ಟಿಗೆ ಸರಿಯಾಗಿ. ಹೆಡ್‌ಫೋನು ಅವರ ಹತ್ತಿರ ಇದ್ದಷ್ಟು ಹೊತ್ತು ಅಜಿತ ಹಾಡು ಬದಲಿಸಲಿಲ್ಲ. ಒಂದೇ ಹಾಡು ಮೊದಲಿನಿಂದ ಕೊನೆಯವರೆಗೆ ಪೂರ್ತಿ ಓಡಿತು. ಹಾಡುಗಳಿಗೆ ಕೊನೆ ಇರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಯಾರೂ ನಗಲಿಲ್ಲ. ಹೊಡೆಯಲು ತಯಾರಾಗಿ ನಿಂತಿದ್ದ ನಾನು ಆ ತಯಾರಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ವೈರು ಸುತ್ತಿದೆ.

ಅವತ್ತಿನಿಂದ ನನಗೊಂದು ತೊಂದರೆಯಾಗಿದೆ. ಮೇಲಕ್ಕೆ ಬೆರಳು ಮಾಡಿ ಬರುವವರ ಮೇಲೆ ಮೊದಲಿನ ಹಾಗೆ ನಿರಾಳವಾಗಿ ಸಿಟ್ಟು ಮಾಡಲು ಆಗುತ್ತಿಲ್ಲ. ಇವರಲ್ಲಿ ಎಷ್ಟು ಜನ ಸೊಕ್ಕಿನಿಂದ ಕೇಳುತ್ತಾರೆ, ಎಷ್ಟು ಜನ ಕೇಳಿಸದೆ ಕೇಳುತ್ತಾರೆ ಎಂದು ಮುಖ ನೋಡಿ ಹೇಳುವುದು ಹೇಗೆ? ನನ್ನ ಕಾಲಮ್ಮು ಕೆಟ್ಟುಹೋಯಿತು. ಸಿಟ್ಟು ಹೋಗಿಲ್ಲ. ಸದ್ದು ಏರುತ್ತದೆ, ಕಿವಿ ಇಳಿಯುತ್ತದೆ, ಕಿವಿ ಇಳಿದವರು ಸದ್ದು ಏರಿಸಿ ಎನ್ನುತ್ತಾರೆ. ಈ ಗಾಣಕ್ಕೆ ಯಾರನ್ನು ಹಿಡಿದು ಬೈಯಬೇಕು ಎಂಬುದಷ್ಟೇ ತಿಳಿಯದಾಗಿದೆ. ಅಜಿತನಂತೂ ಈಗ ಬುಕಿಂಗಿಗೆ ಬಂದವರಿಗೆ ಮೊದಲೇ ಹೇಳಿಬಿಡುತ್ತಾನೆ: ಒಂದೇ ಕಿವಿ, ಇಷ್ಟೇ ಸದ್ದು, ಹಲಗಿ ಬೇಕೇ ಬೇಕು. ಒಬ್ಬರು ಎದ್ದು ಹೋದರು. ಇಬ್ಬರು ಕುಳಿತು ಚಹಾ ಕುಡಿದರು.

ಓದುವವರಲ್ಲಿ ಒಂದು ಕೇಳಿಕೆ. ನಿಮ್ಮಲ್ಲಿ ಒಂದೇ ಕಿವಿಯಿಂದ ಹಾಡು ಕೂಡಿಸುವವರು ಯಾರಾದರೂ ಇದ್ದರೆ, ಉಳಿದ ಒಂದನ್ನು ಹೇಗೆ ಕಾಯ್ದುಕೊಂಡಿದ್ದೀರಿ ತಿಳಿಸಿ. ಕುಣಿತ ಕಡಿಮೆಯಾಗದಂತೆ ಸದ್ದು ಕಡಿಮೆ ಮಾಡುವ ಬಗೆ ಗೊತ್ತಿದ್ದವರೂ ತಿಳಿಸಿ. ಸ್ಪೀಕರನ್ನು ಎಲ್ಲಿ, ಯಾವ ಎತ್ತರಕ್ಕೆ ಇಡುತ್ತೀರಿ ಎಂಬಷ್ಟೇ ಆದರೂ ಸರಿ. ಈ ಪತ್ರಿಕೆಯ ವಿಳಾಸಕ್ಕೆ ಬರೆದರೆ ನಮಗೆ ಮುಟ್ಟುತ್ತದೆ. ದಯವಿಟ್ಟು ಬರೆದೇ ತಿಳಿಸಿ. ಫೋನಿನಲ್ಲಿ ಹೇಳಿದರೆ ಅಜಿತ "ಆಂ?" ಎನ್ನುತ್ತಾನೆ, ಮೊನ್ನೆಯಿಂದ ಒಂದೆರಡು ಸಲ ನಾನೂ ಹಾಗೇ ಎಂದಿದ್ದೇನೆ.